84 ವರ್ಷದ ತಾಯಿಗೆ ವೆಂಟಿಲೇಟರ್ ಹಾಕಿಸಬೇಕೇ ಬೇಡವೇ ಎಂದು ತುರ್ತು ವಿಭಾಗದಲ್ಲಿ ಕೇಳಿದಾಗ ಏನನ್ನು ನೋಡಿ ನಿರ್ಧರಿಸಬೇಕು?

ನ್ಯುಮೋನಿಯಾದಿಂದ ಉಸಿರಾಡಲು ಕಷ್ಟಪಡುತ್ತಿದ್ದ ತಾಯಿಯನ್ನು ಕರೆತಂದ ಹತ್ತೇ ನಿಮಿಷದಲ್ಲಿ ವೆಂಟಿಲೇಟರ್ ಬಗ್ಗೆ ನಿಮ್ಮ ನಿರ್ಧಾರ ಕೇಳಿದರೆಂದು ಬರೆದಿದ್ದೀರಿ. ಜಿಲ್ಲಾ ಕೇಂದ್ರವೊಂದರ ತುರ್ತು ವಿಭಾಗದಲ್ಲಿ ಹಲವು ವರ್ಷ ದುಡಿದವನಾಗಿ ಹೇಳುತ್ತೇನೆ, ಆ ಪ್ರಶ್ನೆಯನ್ನು ಅಷ್ಟು ಬೋಳಾಗಿ ನಿಮ್ಮ ಮುಂದಿಟ್ಟದ್ದೇ ಸರಿಯಲ್ಲ. ಬೇಡವೆಂದರೆ ಹೆತ್ತವಳನ್ನು ಕೈಯಾರೆ ಕಳೆದುಕೊಂಡೆನೆಂಬ ಕೊರಗು ಮಕ್ಕಳಿಗೆ ಉಳಿಯುತ್ತದೆ; ಆದ್ದರಿಂದ ಎಲ್ಲರೂ ‘ಏನು ಬೇಕಾದರೂ ಮಾಡಿ ಡಾಕ್ಟರೇ’ ಎನ್ನುತ್ತಾರೆ.

ನಾನು ಮೊದಲು ಕೇಳುವುದು ವಯಸ್ಸನ್ನಲ್ಲ, ಎರಡು ವಾರದ ಹಿಂದೆ ಅವರು ಹೇಗಿದ್ದರು ಎಂಬುದನ್ನು. ತಾವೇ ಸ್ನಾನ ಮಾಡುತ್ತಿದ್ದರೇ, ಅಂಗಳದವರೆಗೆ ನಡೆಯುತ್ತಿದ್ದರೇ, ಮೊಮ್ಮಕ್ಕಳ ಗುರುತು ಹಿಡಿಯುತ್ತಿದ್ದರೇ, ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಆಸ್ಪತ್ರೆ ಸೇರಿದ್ದರು? ಕೆನಡಾದ ವೈದ್ಯರು ರೂಪಿಸಿದ ‘ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್’ ಈ ವಿವರಗಳನ್ನೇ 1ರಿಂದ 9ರವರೆಗಿನ ಅಂಕಕ್ಕೆ ಇಳಿಸುತ್ತದೆ: ಗಟ್ಟಿಮುಟ್ಟಾಗಿರುವವರು 1, ಪ್ರತಿಯೊಂದಕ್ಕೂ ಇನ್ನೊಬ್ಬರ ಕೈ ಬೇಕಾದವರು 7 ಅಥವಾ 8. ಸ್ಟ್ರೆಚರ್ ಮೇಲೆ ಮಲಗಿದವರೆಲ್ಲರೂ 8ರಂತೆಯೇ ಕಾಣುವುದರಿಂದ, ಕಾಯಿಲೆ ಬೀಳುವ ಮುಂಚಿನ ಸ್ಥಿತಿಗೇ ಅಂಕ ಕೊಡಬೇಕು.

ಎರಡನೆಯದು, ಈಗಿನ ತೊಂದರೆ ಸರಿಪಡಿಸಬಹುದಾದದ್ದೇ ಎಂಬುದು. ವೃತ್ತಿಯ ಆರಂಭದಲ್ಲಿ, ನಾಡಿ ಮೂವತ್ತಕ್ಕೆ ಇಳಿದು ಮಂಕಾಗಿ ಬಂದ ತೊಂಬತ್ತರ ಆಸುಪಾಸಿನ ಅಜ್ಜಿಯೊಬ್ಬರನ್ನು ಕಂಡು, ಇನ್ನು ಮಾಡುವುದೇನೂ ಇಲ್ಲವೆಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅದು ಹೃದಯದ ಬಡಿತದ ವಿದ್ಯುತ್ ಸಂಕೇತಕ್ಕೆ ತಡೆಯಾಗುವ ಹಾರ್ಟ್ ಬ್ಲಾಕ್ ಎಂದು ಗುರುತಿಸಿದ ಹಿರಿಯರೊಬ್ಬರು ಪೇಸ್‌ಮೇಕರ್ ಹಾಕಿಸಿದರು. ವಾರದೊಳಗೆ ಅಜ್ಜಿ ನಡೆದುಕೊಂಡೇ ಮನೆಗೆ ಹೋದರು. ಸೋಡಿಯಂ ಕುಸಿತ, ಸಕ್ಕರೆ ಅಂಶ ಇಳಿಯುವುದು, ಮೂತ್ರದ ಸೋಂಕು ಕೂಡ ಹೀಗೆಯೇ ವಯಸ್ಸಾದವರನ್ನು ಸಾವಿನಂಚಿನಲ್ಲಿರುವಂತೆ ತೋರಿಸುತ್ತವೆ.

ವೆಂಟಿಲೇಟರ್ ವಿಷಯ ಬೇರೆ. ಅಮೆರಿಕದ ತುರ್ತು ವಿಭಾಗಗಳಲ್ಲಿ ವೆಂಟಿಲೇಟರಿಗೆ ಜೋಡಿಸುವ ಉಸಿರಾಟದ ಕೊಳವೆ ಹಾಕಿಸಿಕೊಂಡ 65 ದಾಟಿದವರನ್ನು ಕುರಿತು 2018ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಬ್ಬರು ಆಸ್ಪತ್ರೆಯಲ್ಲೇ ತೀರಿಕೊಂಡಿದ್ದರು. ಅಲ್ಲಿಂದ ನೇರವಾಗಿ ಮನೆಗೆ ಮರಳಿದವರು ನಾಲ್ವರಲ್ಲಿ ಒಬ್ಬರಷ್ಟೇ. ಆದ್ದರಿಂದ ಅನುಮಾನವಿದ್ದಾಗ ನಾನು ಅವಧಿ ಗೊತ್ತುಪಡಿಸಿದ ಪ್ರಯತ್ನವನ್ನು ಸೂಚಿಸುತ್ತೇನೆ. ಮೊದಲು ಮಾಸ್ಕ್ ಮೂಲಕ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಯಂತ್ರ, ಆಂಟಿಬಯೋಟಿಕ್. ಕೊಳವೆ ಹಾಕಲೇಬೇಕಾದರೆ ಮೂರು ದಿನ ನೋಡಿ, ಆಮ್ಲಜನಕದ ಬೇಡಿಕೆ ಇಳಿಯಿತೇ, ಮೂತ್ರಪಿಂಡ ಚೇತರಿಸಿಕೊಂಡಿತೇ ಎಂಬುದರ ಮೇಲೆ ಮತ್ತೆ ಕೂತು ಮಾತಾಡುವುದು.

ನಮ್ಮಲ್ಲಿ ಇದಕ್ಕೊಂದು ತೊಡಕಿದೆ: ಯಂತ್ರ ಹಾಕಲು ಒಂದು ಸಹಿ ಸಾಕು, ತೆಗೆಯಲು ಸಾಲದು. ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿ 2023ರಲ್ಲಿ ಸರಳಗೊಳಿಸಿದ ಕ್ರಮದಂತೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಈ ಮಂಡಳಿಗಳ ಬಗ್ಗೆ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಈ ದಾರಿ ತಿಳಿಯದ ಎಷ್ಟೋ ಮನೆಯವರು ಕೊನೆಗೆ ವೈದ್ಯರ ಸಲಹೆಗೆ ವಿರುದ್ಧವೆಂದು ಬರೆದುಕೊಟ್ಟು, ಆಂಬ್ಯುಲೆನ್ಸಿನಲ್ಲಿ ಗಾಳಿಚೀಲ ಒತ್ತಿಸುತ್ತಾ ರೋಗಿಯನ್ನು ಮನೆಗೆ ಒಯ್ಯುತ್ತಾರೆ. ನೋವು, ಏದುಸಿರು ತಗ್ಗಿಸುವ ಮಾರ್ಫಿನ್ ಆ ದಾರಿಯಲ್ಲಿ ಯಾರ ಬಳಿಯೂ ಇರುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ನಿಮ್ಮ ತಾಯಿ ಈಗಲೂ ಐಸಿಯುನಲ್ಲಿದ್ದರೆ, ಯಾವ ದಿನ ಮರುಪರಿಶೀಲಿಸುತ್ತೀರಿ, ಏನು ಕಂಡರೆ ಸುಧಾರಣೆ ಎನ್ನುತ್ತೀರಿ ಎಂದು ಇಂದೇ ವೈದ್ಯರನ್ನು ಕೇಳಿ. ಅಣ್ಣತಮ್ಮಂದಿರು ಬೇರೆ ಊರಿನಲ್ಲಿದ್ದರೆ ಆ ಮಾತುಕತೆಯ ಹೊತ್ತಿಗೆ ಫೋನಿನಲ್ಲಾದರೂ ಇರಲಿ. ನಿಮಗೇನು ಬೇಕು ಎಂದು ವೈದ್ಯರು ಮತ್ತೆ ಕೇಳಿದರೆ, ಅಮ್ಮ ಹಿಂದೆ ಯಾರದಾದರೂ ಕಾಯಿಲೆ ನೋಡಿ ‘ನನಗೆ ಹೀಗಾಗುವುದು ಬೇಡ’ ಎಂದದ್ದು ನೆನಪಿದ್ದರೆ, ಅದನ್ನು ಅವರದೇ ಮಾತಿನಲ್ಲಿ ಹೇಳಿ.