ಅರಳಿ ಕಟ್ಟೆಗೆ ಹೊಸಬರು ಬಂದಾಗ

ಓದುಗರ ಪ್ರಶ್ನೆ, ನಮ್ಮ ಉತ್ತರ

ಅಂತರಜಾಲದಲ್ಲಿ ಕನ್ನಡದ ಚರ್ಚೆ ನಡೆಯುವ ಜಾಗಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಅಧ್ಯಾಪಕಿ. ಬಿಡುವಿನಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯುತ್ತೇನೆ, ವಿದ್ಯಾರ್ಥಿಗಳಿಗೂ ಕಲಿಸುತ್ತೇನೆ. ತರಬೇತಿಯ ದಿನ ಎಲ್ಲರೂ ಉತ್ಸಾಹದಿಂದ ಖಾತೆ ತೆರೆಯುತ್ತಾರೆ, ಆದರೆ ತಿಂಗಳು ಕಳೆಯುವಷ್ಟರಲ್ಲಿ ಒಬ್ಬರೋ ಇಬ್ಬರೋ ಉಳಿಯುತ್ತಾರೆ. ಸಂದೇಹ ಬಂದರೆ ಅರಳಿ ಕಟ್ಟೆಯಲ್ಲಿ ಕೇಳಿ ಎಂದು ಹೇಳಿಕೊಟ್ಟರೂ ಯಾರೂ ಕೇಳುವುದಿಲ್ಲ. ಚರ್ಚೆಯ ಜಾಗವನ್ನು ಹೊಸಬರಿಗೆ ಹೇಗೆ ಹತ್ತಿರವಾಗಿಸಬಹುದು?

ಉತ್ತರ: 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸಮುದಾಯದ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟವರ ಕಲ್ಪನೆ ಬಹಳ ಚೆಲುವಾದದ್ದು. ಊರಿನ ಅರಳಿ ಕಟ್ಟೆಯಲ್ಲಿ ಯಾರು ಬೇಕಾದರೂ ಬಂದು ಕೂರಬಹುದು, ಕೇಳಬೇಕೆನಿಸಿದಾಗ ಮಾತ್ರ ಮಾತಾಡಬಹುದು. ಆದರೆ ಇಂದು ಆ ಪುಟವನ್ನು ಮೊದಲ ಬಾರಿಗೆ ತೆರೆಯುವ ವಿದ್ಯಾರ್ಥಿಯ ಕಣ್ಣಿನಿಂದ ಒಮ್ಮೆ ನೋಡಿ. ಚಿಕ್ಕ ಭಾಷೆಗಳ ವಿಕಿಪೀಡಿಯಗಳ ಚರ್ಚಾಪುಟಗಳಿಗೆ ಜಾಗತಿಕ ಪ್ರಕಟಣೆಗಳು, ಚುನಾವಣೆಗಳ ಸೂಚನೆಗಳು, ತಂತ್ರಾಂಶ ಬದಲಾವಣೆಯ ಸುದ್ದಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲೇ ಬಂದು ಬೀಳುತ್ತವೆ. ಅವುಗಳ ನಡುವೆ ನೀತಿಯ ಕುರಿತ ಹಿರಿಯ ಸಂಪಾದಕರ ದೀರ್ಘ ವಾದಗಳಿರುತ್ತವೆ. ‘ಚಿತ್ರವನ್ನು ಬಲಬದಿಗೆ ಹಾಕುವುದು ಹೇಗೆ’ ಎಂದು ಕೇಳಬೇಕೆಂದಿರುವ ಹುಡುಗಿಗೆ, ತನ್ನ ಪ್ರಶ್ನೆ ಇಲ್ಲಿಗೆ ತೀರಾ ಸಣ್ಣದು ಎನ್ನಿಸುವುದು ಸಹಜ. ಅವಳು ಕೇಳದೆ ಹೋಗುವುದಕ್ಕೆ ಉದಾಸೀನ ಕಾರಣವಲ್ಲ, ಸಂಕೋಚ ಕಾರಣ.

ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಹೊಸಬರ ಪ್ರಶ್ನೆಗಳಿಗೆ ಬೇರೆಯೇ ಪುಟವಿರಲಿ ಮತ್ತು ಅಲ್ಲಿ ಬೇರೇನೂ ಬಾರದಿರಲಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 2012ರಲ್ಲಿ ‘ಟೀಹೌಸ್’ ಎಂಬ ಇಂಥ ಜಾಗವನ್ನು ಆರಂಭಿಸಿದರು. ಪುಟದ ನೆತ್ತಿಯ ಮೇಲೆ ಒಂದೆರಡು ವಾಕ್ಯಗಳ ಸ್ವಾಗತ, ಪ್ರಶ್ನೆ ಕೇಳಲು ಎದ್ದು ಕಾಣುವ ಒಂದು ಗುಂಡಿ, ಉತ್ತರಿಸುವ ಹೊಣೆಯನ್ನು ತಾವಾಗಿಯೇ ಹೊತ್ತ ಕೆಲವು ಆತಿಥೇಯರು, ಇಷ್ಟೇ ಅದರ ಬಂಡವಾಳ. ಕನ್ನಡದಲ್ಲಿ ಇದಕ್ಕೆ ಜಗುಲಿ ಎನ್ನಿ, ಪಡಸಾಲೆ ಎನ್ನಿ; ಒಳಮನೆಯ ವ್ಯವಹಾರ ಅಲ್ಲಿಗೆ ಬರಬಾರದು ಎಂಬುದು ಮುಖ್ಯ.

ಎರಡನೆಯದು ಇದಕ್ಕಿಂತ ದೊಡ್ಡದು, ಮತ್ತು ಅದಕ್ಕೆ ಯಾವ ತಂತ್ರಾಂಶವೂ ಬೇಡ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರ ಮುಟ್ಟಿ ಆಮೇಲೆ ಇಳಿಯತೊಡಗಿತು. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದರ ಕಾರಣವನ್ನು ಹುಡುಕುತ್ತ ಹೋಗಿ, ಸದುದ್ದೇಶದಿಂದ ಬರೆಯುವ ಹೊಸಬರ ಕೆಲಸವೇ ಹೆಚ್ಚು ಹೆಚ್ಚಾಗಿ ತಿರಸ್ಕೃತವಾಗುತ್ತಿತ್ತು, ಅರೆಸ್ವಯಂಚಾಲಿತ ಉಪಕರಣಗಳ ಮೂಲಕ ನಡೆಯುವ ಇಂಥ ತಿರಸ್ಕಾರ ಅವರು ಉಳಿಯದಿರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಂದು ತೋರಿಸಿತು. ‘ಹೊಸಬರನ್ನು ಕಚ್ಚಬೇಡಿ’ ಎಂಬ ಮಾರ್ಗಸೂಚಿ ಅಲ್ಲಿ ಆ ಹೊತ್ತಿಗಾಗಲೇ ಇತ್ತು ಎಂಬುದನ್ನು ಗಮನಿಸಬೇಕು. ಮಾರ್ಗಸೂಚಿ ಬರೆದಿಟ್ಟರೆ ಸಾಲದು, ಹೊಸಬರಿಗೆ ಸಿಗುವ ಮೊದಲ ಮಾತು ಮನುಷ್ಯರದ್ದಾಗಿರಬೇಕು.

ಮಲೆನಾಡಿನ ಮನೆಗಳಲ್ಲಿ ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ನೀರು, ಬೆಲ್ಲ ಕೊಟ್ಟು, ಅವರು ಸುಧಾರಿಸಿಕೊಂಡ ಮೇಲೆ ಬಂದ ಕಾರಣ ಕೇಳುತ್ತಾರೆ. ಚರ್ಚೆಯ ಕಟ್ಟೆಯಲ್ಲಿ ನಾವು ಈ ಕ್ರಮವನ್ನು ತಿರುವುಮುರುವು ಮಾಡಿದ್ದೇವೆ ಎಂಬುದು ನನ್ನ ಬಹುದಿನದ ನೋವು. ನಿಮ್ಮ ವಿದ್ಯಾರ್ಥಿಯೊಬ್ಬ ತನ್ನ ಊರಿನ ಕೆರೆಯ ಬಗ್ಗೆ ಹತ್ತು ಸಾಲು ಬರೆದಿದ್ದಾನೆ, ಉಲ್ಲೇಖ ಕೊಟ್ಟಿಲ್ಲ ಎಂದುಕೊಳ್ಳಿ. ‘ಉಲ್ಲೇಖವಿಲ್ಲದ ಮಾಹಿತಿಯನ್ನು ಅಳಿಸಲಾಗುವುದು’ ಎಂಬ ಸಿದ್ಧ ಟೆಂಪ್ಲೇಟನ್ನು ಅವನ ಪುಟಕ್ಕೆ ಅಂಟಿಸುವುದಕ್ಕೆ ಅರೆ ನಿಮಿಷ ಸಾಕು. ಅದರ ಬದಲು ಹೀಗೆ ಬರೆದರೆ ಮೂರು ನಿಮಿಷ ಬೇಕಾಗುತ್ತದೆ: ‘ಕೆರೆಯ ಬಗ್ಗೆ ನೀವು ಬರೆದದ್ದನ್ನು ಓದಿದೆ. ತೂಬಿನ ಬಳಿ ಶಾಸನವಿದೆ ಎಂದಿದ್ದೀರಿ. ಅದು ಎಪಿಗ್ರಾಫಿಯ ಕರ್ನಾಟಿಕದ ನಿಮ್ಮ ಜಿಲ್ಲೆಯ ಸಂಪುಟದಲ್ಲಿ ಪ್ರಕಟವಾಗಿದ್ದರೆ ಸಂಪುಟ ಮತ್ತು ಪುಟದ ಸಂಖ್ಯೆಯನ್ನು ಇಲ್ಲಿ ತಿಳಿಸಿ, ಲೇಖನದಲ್ಲಿ ಸೇರಿಸುವುದನ್ನು ನಾನು ತೋರಿಸಿಕೊಡುತ್ತೇನೆ.’ ನಿಯಮ ಎರಡರಲ್ಲೂ ಒಂದೇ. ಎರಡನೆಯದರಲ್ಲಿ ಮಾತ್ರ ತಾನು ಬರೆದದ್ದನ್ನು ಒಬ್ಬರು ನಿಜಕ್ಕೂ ಓದಿದ್ದಾರೆ ಎಂಬುದು ಆ ಹುಡುಗನಿಗೆ ತಿಳಿಯುತ್ತದೆ, ಮತ್ತು ಮುಂದೆ ಮಾಡಬೇಕಾದ ಒಂದೇ ಒಂದು ಕೆಲಸ ಅವನ ಕೈಯಲ್ಲಿರುತ್ತದೆ. ಹತ್ತಾರು ಕೊಂಡಿಗಳಿರುವ ಸ್ವಾಗತ ಸಂದೇಶಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಪ್ಪತ್ತು ಪುಟಗಳಿಗೆ ದಾರಿ ತೋರಿಸಿದರೆ ಹೊಸಬರು ಒಂದನ್ನೂ ತೆರೆಯುವುದಿಲ್ಲ.

ಉಪಕರಣಗಳೂ ಈಗ ಸುಧಾರಿಸಿವೆ. ಹಿಂದೆ ಚರ್ಚಾಪುಟದಲ್ಲಿ ಉತ್ತರಿಸಬೇಕಾದರೆ ಸಾಲಿನ ಆರಂಭಕ್ಕೆ ವಿವರಣ ಚಿಹ್ನೆಗಳನ್ನು (:) ಲೆಕ್ಕಹಾಕಿ ಇಡಬೇಕಾಗಿತ್ತು, ಕೊನೆಯಲ್ಲಿ ನಾಲ್ಕು ಟಿಲ್ಡೆ (~) ಒತ್ತಿ ಸಹಿ ಮಾಡಬೇಕಾಗಿತ್ತು; ಈಗ ಉತ್ತರಿಸುವ ಗುಂಡಿ ಒತ್ತಿದರೆ ಇವೆರಡೂ ತಾವಾಗಿಯೇ ಆಗುತ್ತವೆ. ಹೊಸಬರಿಗೆ ಸಣ್ಣ ಕೆಲಸಗಳನ್ನು ಸೂಚಿಸುವ, ಸಮುದಾಯದಲ್ಲಿ ಯಾರಾದರೂ ಹೆಸರು ಕೊಟ್ಟಿದ್ದರೆ ಅವರನ್ನು ಮಾರ್ಗದರ್ಶಕರನ್ನಾಗಿ ಜೋಡಿಸುವ ಸೌಲಭ್ಯವನ್ನೂ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ತಂಡ ರೂಪಿಸಿದೆ. ನೀವೇ ಮಾರ್ಗದರ್ಶಕಿಯಾಗಿ ಹೆಸರು ಕೊಡಿ ಎಂದು ಕೇಳಿಕೊಳ್ಳುತ್ತೇನೆ. ತರಬೇತಿಯ ದಿನ ಎದುರು ಕಂಡ ಮುಖವೇ ಮರುವಾರ ಉತ್ತರಿಸುವ ಹೆಸರಾಗಿಯೂ ಇದ್ದರೆ ಸಂಕೋಚದ ಅರ್ಧ ಭಾಗ ಅಲ್ಲಿಯೇ ಕರಗುತ್ತದೆ. ಮುಂದಿನ ತರಬೇತಿಯಲ್ಲಿ ಇನ್ನೊಂದು ಕೆಲಸ ಮಾಡಿ ನೋಡಿ: ಲೇಖನ ಬರೆಯುವ ಮೊದಲೇ ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಒಂದು ಪ್ರಶ್ನೆಯನ್ನು ಹೊಸಬರ ಪುಟದಲ್ಲಿ ಕೇಳಿಸಿ, ಉತ್ತರ ಬರುವುದನ್ನು ಅವರೇ ನೋಡಲಿ.

ಪ್ರಶ್ನೆ: ಮನೆಯಂಗಳದ ಮತ್ತು ತಾರಸಿಯ ಕೈತೋಟದ ಬಗ್ಗೆ ಕನ್ನಡದಲ್ಲಿ ಚರ್ಚಿಸುವ ಒಂದು ಜಾಲಕೂಟವನ್ನು ನಾವು ಕೆಲವರು ನಡೆಸುತ್ತಿದ್ದೇವೆ. ಹೊಸದಾಗಿ ಸೇರಿದವರು ಪ್ರತಿದಿನ ಅದೇ ನಾಲ್ಕೈದು ಪ್ರಶ್ನೆಗಳನ್ನು ಕೇಳುತ್ತಾರೆ. ‘ಮೊದಲು ಹುಡುಕಿ ನೋಡಿ’ ಎಂದು ಹೇಳುವುದು ತಪ್ಪೇ? ಹಳಬರಿಗೆ ನಿಜಕ್ಕೂ ಆಯಾಸವಾಗಿದೆ.

ಉತ್ತರ: ನಿಮ್ಮ ಆಯಾಸವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಹಳಬರು ಬೇಸತ್ತು ಎದ್ದುಹೋದರೆ ಹೊಸಬರಿಗೆ ಉತ್ತರಿಸುವವರೇ ಇರುವುದಿಲ್ಲ. ಈ ಕಷ್ಟ ಹಳೆಯದು. 1980ರಲ್ಲಿ ಆರಂಭವಾದ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಬಂದು ತುಂಬಿಕೊಳ್ಳುತ್ತಿದ್ದರು. ಹಳಬರು ಒಂದೆರಡು ತಿಂಗಳು ತಾಳ್ಮೆಯಿಂದ ಅವರಿಗೆ ರೀತಿನೀತಿ ಕಲಿಸಿಕೊಡುತ್ತಿದ್ದರು. ವಾಣಿಜ್ಯ ಸಂಸ್ಥೆಗಳು ತಮ್ಮ ಚಂದಾದಾರರಿಗೂ ಆ ಜಾಲವನ್ನು ತೆರೆದಾಗ ಹೊಸಬರ ಹೊಳೆ ವರ್ಷವಿಡೀ ಹರಿಯತೊಡಗಿತು, 1993ರ ಸೆಪ್ಟೆಂಬರ್ ಎಂದೂ ಮುಗಿಯಲಿಲ್ಲ ಎಂಬ ಮಾತೇ ಹುಟ್ಟಿಕೊಂಡಿತು. ಪದೇ ಪದೇ ಬರುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಒಂದೆಡೆ ಬರೆದಿಡುವ ಪದ್ಧತಿ ಬೆಳೆದದ್ದು ಇಂಥ ಕೂಟಗಳಲ್ಲೇ. ನೀವೂ ಆ ನಾಲ್ಕೈದು ಪ್ರಶ್ನೆಗಳಿಗೆ ಒಮ್ಮೆ ಸಾವಧಾನವಾಗಿ, ಚಿತ್ರಸಹಿತ ಉತ್ತರ ಬರೆದಿಡಿ. ಕೇಳಿದವರಿಗೆ ಆ ಪುಟದ ಕೊಂಡಿಯನ್ನು ಕೊಟ್ಟು, ಅದರ ಜೊತೆಗೆ ಅವರ ಗಿಡಕ್ಕೆ ಮಾತ್ರ ಸಂಬಂಧಿಸಿದ ಒಂದು ವಾಕ್ಯವನ್ನು ಸೇರಿಸಿ.

ಆದರೆ ‘ಹುಡುಕಿ ನೋಡಿ’ ಎಂಬ ಮಾತಿನ ಬಗ್ಗೆ ನನಗೆ ಗಂಭೀರವಾದ ತಕರಾರಿದೆ, ಅದು ಕನ್ನಡಕ್ಕೇ ಸಂಬಂಧಿಸಿದ್ದು. ನಮ್ಮ ಭಾಷೆಯಲ್ಲಿ ಹುಡುಕುವುದು ಇಂಗ್ಲಿಷಿನಲ್ಲಿ ಹುಡುಕಿದಷ್ಟು ಸುಲಭವಲ್ಲ. ‘ಎಲೆ’ ಎಂಬ ಮಾತು ‘ಎಲೆಯ’, ‘ಎಲೆಗೆ’, ‘ಎಲೆಗಳಲ್ಲಿ’ ಎಂದು ಪ್ರತ್ಯಯ ಹತ್ತಿಸಿಕೊಂಡು ಬರುತ್ತದೆ, ಮತ್ತು ಸಾಧಾರಣ ಹುಡುಕು ವ್ಯವಸ್ಥೆಗೆ ಇವೆಲ್ಲ ಒಂದೇ ಪದದ ರೂಪಗಳು ಎಂಬುದು ತಿಳಿಯುವುದಿಲ್ಲ. ಮೈಸೂರು ಕಡೆಯವರ ಸೀಬೆ ಕರಾವಳಿಯಲ್ಲೂ ಉತ್ತರ ಕರ್ನಾಟಕದಲ್ಲೂ ಪೇರಲ, ಇನ್ನು ಕೆಲವರಿಗೆ ಅದೇ ಚೇಪೆ. ‘ಪೇರಲ’ ಎಂದು ಹುಡುಕಿದವರಿಗೆ ಸೀಬೆಗಿಡದ ಬಗ್ಗೆ ನೀವು ಬರೆದ ಅತ್ಯುತ್ತಮ ಉತ್ತರ ಸಿಗುವುದೇ ಇಲ್ಲ. ಕೆಲವರು ಕನ್ನಡವನ್ನೇ ರೋಮನ್ ಅಕ್ಷರಗಳಲ್ಲಿ ಒತ್ತಿ ಹುಡುಕುತ್ತಾರೆ. ಇವೆಲ್ಲಕ್ಕಿಂತ ಮಿಗಿಲಾಗಿ, ಹೊಸಬರಿಗೆ ಹೆಸರೇ ಗೊತ್ತಿರುವುದಿಲ್ಲ. ದಾಸವಾಳದ ಮೊಗ್ಗಿನ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಮೆತ್ತಿಕೊಂಡಿದೆ ಎಂದು ಅವರು ಬಲ್ಲರು. ಅದು ಹಿಟ್ಟು ತಿಗಣೆ ಎಂದು ಗೊತ್ತಿದ್ದರೆ ಅವರ ಪ್ರಶ್ನೆಗೆ ಅರ್ಧ ಉತ್ತರ ಆಗಲೇ ಸಿಕ್ಕಿರುತ್ತಿತ್ತು.

ಹೀಗಾಗಿ ನಿಮ್ಮ ಉತ್ತರದ ಪುಟಗಳ ಶೀರ್ಷಿಕೆಯಲ್ಲಿ ತಜ್ಞರ ಪದದ ಜೊತೆಗೆ ಕೇಳುವವರ ಮಾತೂ ಇರಲಿ: ‘ದಾಸವಾಳದ ಮೊಗ್ಗಿನ ಮೇಲೆ ಬಿಳಿ ಹತ್ತಿಯಂಥದ್ದು, ಹಿಟ್ಟು ತಿಗಣೆ’ ಎಂದೇ ಬರೆಯಿರಿ. ಪುಟದ ಕೆಳಗೆ ಒಂದು ಸಾಲಿನಲ್ಲಿ ಬೇರೆ ಬೇರೆ ಸೀಮೆಯ ಹೆಸರುಗಳನ್ನೂ ರೋಮನ್ ಅಕ್ಷರದ ರೂಪಗಳನ್ನೂ ಸೇರಿಸಿಡಿ. ಹೊಸಬರು ತಂದ ಪ್ರತಿಯೊಂದು ಹೊಸ ಹೆಸರನ್ನೂ ಆ ಸಾಲಿಗೆ ಸೇರಿಸುತ್ತ ಹೋಗಿ. ಮತ್ತೆ ಮತ್ತೆ ಬರುವ ಪ್ರಶ್ನೆ ಆಗ ನಿಮ್ಮ ಪುಟವನ್ನು ತಿದ್ದಿಕೊಡುವ ಕೆಲಸವನ್ನೂ ಮಾಡುತ್ತಿರುತ್ತದೆ. ಆಯಾಸ ತಗ್ಗಿಸುವುದಕ್ಕೆ ಸರದಿ ಹಾಕಿಕೊಳ್ಳುವುದು ಒಳ್ಳೆಯದು. ವಾರಕ್ಕೆ ಇಬ್ಬರು ಮಾತ್ರ ಹೊಸಬರ ಹೊಣೆ ಹೊತ್ತರೆ ಉಳಿದವರು ನಿಶ್ಚಿಂತೆಯಿಂದ ತಮಗೆ ಪ್ರಿಯವಾದ ಚರ್ಚೆಯಲ್ಲಿರಬಹುದು.

ಪ್ರಶ್ನೆ: ನಾನು ಹನ್ನೆರಡು ವರ್ಷಗಳಿಂದ ಹೊರದೇಶದಲ್ಲಿದ್ದೇನೆ, ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದ ಕೂಟಗಳಲ್ಲಿ ಬರೆಯಬೇಕೆಂಬ ಆಸೆಯಿದೆ, ಆದರೆ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಭಯ. ಇಂಥವರಿಗಾಗಿ ಕೂಟ ನಡೆಸುವವರು ಏನು ಮಾಡಬಹುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಕಾಗುಣಿತದ ತಪ್ಪುಗಳಿದ್ದವು, ನಿಮ್ಮ ಮಾತು ಅರ್ಥವಾಗುವುದಕ್ಕೆ ಅವು ಒಂದಿಷ್ಟೂ ಅಡ್ಡಿಯಾಗಲಿಲ್ಲ. ಧೈರ್ಯವಾಗಿ ಬರೆಯಿರಿ.

ಕೂಟ ನಡೆಸುವವರಿಗೆ ಹೇಳಬೇಕಾದದ್ದು ಇದೆ. ಲೇಖನದಲ್ಲಿರುವ ತಪ್ಪನ್ನು ತಿದ್ದುವುದು ಬೇರೆ, ಪ್ರಶ್ನೆ ಕೇಳಿದವರ ಭಾಷೆಯನ್ನು ನಾಲ್ವರ ಎದುರು ತಿದ್ದುವುದು ಬೇರೆ. ಮೊದಲನೆಯದು ಓದುಗರಿಗೆ ಸಲ್ಲುವ ಸೇವೆ, ತಿದ್ದುಪಡಿಯ ಸಾರಾಂಶದಲ್ಲಿ ‘ಕಾಗುಣಿತ’ ಎಂದಷ್ಟೇ ಬರೆದು ಸುಮ್ಮನೆ ತಿದ್ದಬಹುದು. ಎರಡನೆಯದನ್ನು ಮಾಡಲೇಬಾರದು. ಲಕಾರ ಳಕಾರ ಅದಲುಬದಲಾದ ಪ್ರಶ್ನೆಗೆ ಸರಿಯಾದ ರೂಪವನ್ನು ನಿಮ್ಮ ಉತ್ತರದೊಳಗೆ ಸಹಜವಾಗಿ ಬಳಸಿದರೆ ಕಲಿಯಬೇಕೆಂದಿರುವವರು ಕಲಿಯುತ್ತಾರೆ. ಧಾರವಾಡದವರು ‘ಐತಿ’ ಎಂದು ಬರೆದರೆ ಅದನ್ನು ತಪ್ಪೆಂದು ಎಣಿಸುವುದಂತೂ ಅನ್ಯಾಯ, ಅದು ಅವರ ಮನೆಮಾತು. ರೋಮನ್ ಅಕ್ಷರಗಳಲ್ಲಿ ಬಂದ ಪ್ರಶ್ನೆಗೂ ಕನ್ನಡ ಲಿಪಿಯಲ್ಲಿ ಪೂರ್ಣ ಉತ್ತರ ಕೊಡಿ, ಆಮೇಲೆ ಕೀಲಿಮಣೆಯ ವಿಷಯ ತಿಳಿಸಿ. ವಿಕಿಪೀಡಿಯದ ಪುಟಗಳಲ್ಲಂತೂ ಲಿಪ್ಯಂತರ ಮಾಡುವ ಕೀಲಿಮಣೆ ಅಲ್ಲಿಯೇ ಇದೆ, ಏನನ್ನೂ ಬೇರೆಯಾಗಿ ಅಳವಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ಹೊಸಬರು ಕೇಳಿದ್ದಕ್ಕೆ ನನಗೆ ಉತ್ತರ ಗೊತ್ತಿಲ್ಲದಿದ್ದಾಗ ಸುಮ್ಮನಿರುವುದೇ ಸರಿಯಲ್ಲವೇ?

ಉತ್ತರ: ಅಲ್ಲ. ಪ್ರಶ್ನೆಯನ್ನು ನೋಡಿದ್ದೇನೆ, ನನಗೆ ತಿಳಿಯದು, ಈ ವಿಷಯದಲ್ಲಿ ಪಳಗಿದ ಇಂಥ ಸದಸ್ಯರನ್ನು ಕೇಳುತ್ತೇನೆ ಎಂದು ಅವರ ಹೆಸರನ್ನು ಅಲ್ಲಿಯೇ ಉಲ್ಲೇಖಿಸಿ ಬರೆಯಿರಿ. ಎರಡು ದಿನ ಬಿಟ್ಟು ಹೋಗಿ ನೋಡಿ, ಉತ್ತರ ಬಂದಿರದಿದ್ದರೆ ಇನ್ನೊಬ್ಬರನ್ನು ಕೇಳಿ.