ಮ್ಯೂನಿಕ್‌ನಲ್ಲಿ ಮನೆ ಹುಡುಕುವ ಮುಂಚೆ ರೈಲಿನ ನಕ್ಷೆ ನೋಡಿ

ನೀವು ಕೇಳಿದ್ದು ಮೂರು ವಿಷಯ. ಮ್ಯೂನಿಕ್‌ನ ಹೊರವಲಯದ ಎರ್ಡಿಂಗ್‌ನಲ್ಲಿ ಅಗ್ಗಕ್ಕೆ ಸಿಗುತ್ತಿರುವ ಮನೆಯನ್ನು ಹಿಡಿಯಲೇ? ಬಂದ ತಕ್ಷಣ ಹಳೆಯದೊಂದು ಕಾರು ಕೊಳ್ಳಲೇ? ಜರ್ಮನಿಯ ರೈಲು ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತದೆ ಎನ್ನುವುದು ನಿಜವೇ? ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ನಿಜವಲ್ಲ. ಅಕ್ಕ ಎಂದು ಕರೆದು ಕೇಳಿದ್ದೀರಿ, ಹಾಗಾಗಿ ಮುಚ್ಚುಮರೆ ಮಾಡುವುದಿಲ್ಲ. ಉಳಿದೆರಡು ಪ್ರಶ್ನೆಗಳ ಉತ್ತರವೂ ಇದಕ್ಕೇ ಅಂಟಿಕೊಂಡಿದೆ.

2024ರಲ್ಲಿ ಇಲ್ಲಿಯ ಸರ್ಕಾರಿ ರೈಲು ಸಂಸ್ಥೆ ಡಾಯ್ಚೆ ಬಾನ್‌ನ ದೂರಪ್ರಯಾಣದ ರೈಲುಗಳ ಸಮಯಪಾಲನೆ ಶೇ 62.5. ಅದೂ ಆರು ನಿಮಿಷದೊಳಗಿನ ತಡವನ್ನು ತಡವೆಂದೇ ಎಣಿಸದೆ ತೆಗೆದ ಲೆಕ್ಕ. ಪೂರ್ತಿ ರದ್ದಾದ ರೈಲು ಆ ಲೆಕ್ಕಕ್ಕೇ ಬರುವುದಿಲ್ಲ. ಬಾರದ ರೈಲು ತಡವಾಗಿ ಬರುವುದಾದರೂ ಹೇಗೆ! ಸ್ವಿಟ್ಜರ್ಲೆಂಡಿನವರಂತೂ ತೀರಾ ತಡವಾದ ಜರ್ಮನ್ ರೈಲನ್ನು ಬಾಸೆಲ್‌ನಲ್ಲೇ ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿಕೊಂಡು ತಮ್ಮ ರೈಲಿಗೆ ಹತ್ತಿಸುತ್ತಾರೆ. ತಮ್ಮ ವೇಳಾಪಟ್ಟಿ ಕೆಡಬಾರದೆಂಬ ಮುನ್ನೆಚ್ಚರಿಕೆ ಅದು. ಊರಿನಲ್ಲಿ ಯಾರಿಗಾದರೂ ಇದನ್ನು ಹೇಳಿದರೆ ನಂಬುವುದಿಲ್ಲ. ಜರ್ಮನಿ ಎಂದರೆ ಗಡಿಯಾರ ಎಂದು ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಹೀಗೇಕಾಯಿತು ಎಂದರೆ, ನಮ್ಮ ಮಲೆನಾಡಿನಲ್ಲಿ ವರ್ಷವರ್ಷವೂ ಹೆಂಚು ಕೈಯಾಡಿಸದ ಮನೆಗೆ ಏನಾಗುತ್ತದೋ ಅದೇ ಆಗಿದೆ. ಪೂರ್ವ ಮತ್ತು ಪಶ್ಚಿಮ ಜರ್ಮನಿಯ ರೈಲ್ವೆಗಳನ್ನು ಸೇರಿಸಿ 1994ರಲ್ಲಿ ಡಾಯ್ಚೆ ಬಾನ್ ಎಂಬ ಕಂಪನಿ ಮಾಡಿದರು. ಷೇರುಗಳೆಲ್ಲ ಸರ್ಕಾರದವೇ ಆದರೂ ಲಾಭ ತೋರಿಸಬೇಕೆಂಬ ಹಟ. ಅಲ್ಲಿಂದೀಚೆಗೆ ರೈಲುಗಳು ಹೆಚ್ಚಿದವು, ಹಳಿ ಕಡಿಮೆಯಾಯಿತು. ವೇಗದ ಐಸಿಇ, ಹತ್ತು ನಿಮಿಷಕ್ಕೊಮ್ಮೆ ನಿಲ್ಲುವ ಪ್ರಾದೇಶಿಕ ರೈಲು, ಕುಂಟುವ ಗೂಡ್ಸ್, ಮೂರೂ ಬಹುಪಾಲು ಒಂದೇ ಹಳಿಯ ಮೇಲೆ ಓಡುತ್ತವೆ. ಒಂದು ಮುಗ್ಗರಿಸಿದರೆ ಹಿಂದಿನದ್ದೆಲ್ಲವೂ ಮುಗ್ಗರಿಸುತ್ತದೆ. ಚಕ್ರವರ್ತಿಗಳ ಕಾಲದ, ಕೈಯಿಂದ ಸನ್ನೆಗೋಲು ಎಳೆಯುವ ಸಿಗ್ನಲ್ ಕ್ಯಾಬಿನ್‌ಗಳು ಇಂದಿಗೂ ಕೆಲವು ಕಡೆ ಕೆಲಸ ಮಾಡುತ್ತಿವೆ. ಈಗ ಎಲ್ಲರಿಗೂ ಒಟ್ಟಿಗೆ ಎಚ್ಚರವಾಗಿದೆ. ಫ್ರಾಂಕ್‌ಫರ್ಟ್–ಮನ್‌ಹೈಮ್ ನಡುವಿನ ಸುಮಾರು 70 ಕಿಲೋಮೀಟರ್ ಮಾರ್ಗವನ್ನು 2024ರ ಜುಲೈಯಿಂದ ಡಿಸೆಂಬರ್‌ವರೆಗೆ ಐದು ತಿಂಗಳು ಪೂರ್ತಿ ಮುಚ್ಚಿ ದುರಸ್ತಿ ಮಾಡಿದರು. 2025ರ ಆಗಸ್ಟ್‌ನಲ್ಲಿ ಬರ್ಲಿನ್–ಹ್ಯಾಂಬರ್ಗ್ ಮಾರ್ಗದ ಸರದಿ ಬಂತು. ಇಂಥ ಇನ್ನೂ ಹಲವು ಮಾರ್ಗಗಳು ಸಾಲಿನಲ್ಲಿವೆ. ಮೂಲಸೌಕರ್ಯಕ್ಕೆಂದು 2025ರಲ್ಲಿ ಸಂಸತ್ತು 50,000 ಕೋಟಿ ಯೂರೋಗಳ ವಿಶೇಷ ನಿಧಿಗೆ ಒಪ್ಪಿಗೆಯನ್ನೂ ಕೊಟ್ಟಿದೆ. ಅಂದರೆ ನೀವು ಇಲ್ಲಿ ಕಳೆಯಲಿರುವ ವರ್ಷಗಳು ದುರಸ್ತಿಯ ವರ್ಷಗಳು. ಹಣ ಬಂದ ಮಾತ್ರಕ್ಕೆ ಕೆಲಸ ಮುಗಿಯುತ್ತದೆಂದು ನನಗೇನೂ ನಂಬಿಕೆಯಿಲ್ಲ. ಶ್ಟುಟ್‌ಗಾರ್ಟ್‌ನಲ್ಲಿ ನೆಲದಡಿಯ ಹೊಸ ನಿಲ್ದಾಣದ ಕೆಲಸ ಶುರುವಾದದ್ದು 2010ರಲ್ಲಿ. 2019ಕ್ಕೆ ತೆರೆಯುತ್ತೇವೆ ಎಂದಿದ್ದರು. ವೆಚ್ಚ 1,100 ಕೋಟಿ ಯೂರೋ ದಾಟಿದೆ, ಉದ್ಘಾಟನೆ ಮುಂದಕ್ಕೆ ಹೋಗುತ್ತಲೇ ಇದೆ. ನಮ್ಮಲ್ಲಿ ಫ್ಲೈಓವರ್‌ಗಳನ್ನು ಕಂಡು ಬಂದವರಿಗೆ ಇದೇನೂ ಹೊಸದಲ್ಲ ಬಿಡಿ.

ಈಗ ನಿಮ್ಮ ಮನೆಯ ವಿಷಯ. ಮ್ಯೂನಿಕ್‌ನಲ್ಲಿ ಎರಡು ಬಗೆಯ ರೈಲುಗಳಿವೆ, ಹೊಸಬರಿಗೆ ಎರಡೂ ಒಂದೇ ಎನಿಸುತ್ತವೆ. ಊ-ಬಾನ್ ನಗರದ ಮೆಟ್ರೊ. ಅದರ ಹಳಿಗಳು ಅದಕ್ಕೇ ಮೀಸಲು, ಬೇರೆ ಯಾವ ರೈಲೂ ಅಡ್ಡ ಬರುವುದಿಲ್ಲ. ಎಸ್-ಬಾನ್ ಹೊರವಲಯದ ಊರುಗಳನ್ನು ನಗರಕ್ಕೆ ಜೋಡಿಸುತ್ತದೆ, ಅದನ್ನು ಓಡಿಸುವುದು ಡಾಯ್ಚೆ ಬಾನ್. ಹೆಚ್ಚುಕಡಿಮೆ ಎಲ್ಲ ಎಸ್-ಬಾನ್ ಮಾರ್ಗಗಳೂ ನಗರದ ನಡುವೆ ಒಂದೇ ಒಂದು ಸುರಂಗದಲ್ಲಿ ತೂರಿ ಹೋಗಬೇಕು. 1972ರ ಒಲಿಂಪಿಕ್ಸ್‌ಗಾಗಿ ತೆರೆದ ಈ ಸುರಂಗವನ್ನು ಇಲ್ಲಿಯವರು ಮೂಲ ಮಾರ್ಗ ಎನ್ನುತ್ತಾರೆ. ಅಲ್ಲೊಂದು ಸಿಗ್ನಲ್ ಕೆಟ್ಟರೆ, ಯಾರೋ ಒಬ್ಬರು ಹಳಿಗಿಳಿದರೆ, ಪೂರ್ವದ ಊರಿನವರೂ ಪಶ್ಚಿಮದ ಊರಿನವರೂ ಒಟ್ಟಿಗೆ ನಿಂತುಬಿಡುತ್ತಾರೆ. ಎರಡನೆಯ ಸುರಂಗ ತೋಡುತ್ತಿದ್ದಾರೆ. ಅದು ತೆರೆಯುವುದು 2035ರ ಸುಮಾರಿಗಂತೆ. ಅಲ್ಲಿಯವರೆಗೆ ಹಲವು ವಾರಾಂತ್ಯಗಳಲ್ಲಿ ಮೂಲ ಮಾರ್ಗ ಮುಚ್ಚಿ, ಬದಲಿ ಬಸ್ಸು ಬಿಡುತ್ತಾರೆ.

ಎರ್ಡಿಂಗ್ ಇರುವುದು ಎಸ್2 ಮಾರ್ಗದ ಕೊನೆಯಲ್ಲಿ. ಮಾರ್ಕ್ಟ್ ಶ್ವಾಬೆನ್‌ನಿಂದ ಎರ್ಡಿಂಗ್‌ವರೆಗೆ ಹಳಿ ಒಂಟಿ, ಎದುರಿನ ರೈಲು ಬರುವ ತನಕ ನಿಮ್ಮದು ಕಾಯಬೇಕು. ನಿಮ್ಮ ಕೆಲಸ ಗಾರ್ಶಿಂಗ್‌ನಲ್ಲಿ. ನಕ್ಷೆಯಲ್ಲಿ ಎರಡೂ ಊರುಗಳು ಪಕ್ಕಪಕ್ಕ ಕಾಣುತ್ತವೆ, ಮೋಸ ಹೋಗಬೇಡಿ. ರೈಲಿನಲ್ಲಾದರೆ ನೀವು ಮೊದಲು ನಗರದ ನಟ್ಟನಡುವಿನ ಮಾರಿಯೆನ್‌ಪ್ಲಾಟ್ಸ್‌ಗೆ ಬಂದು, ಅಲ್ಲಿ ಊ6 ಹಿಡಿದು ಮತ್ತೆ ಉತ್ತರಕ್ಕೆ ಹೋಗಬೇಕು. ಒಂಟಿ ಹಳಿ, ಆಮೇಲೆ ಮೂಲ ಮಾರ್ಗ, ಆಮೇಲೆ ರೈಲು ಬದಲಾವಣೆ. ದಿನಕ್ಕೆರಡು ಸಲ ಈ ಮೂರೂ ಸರಿಯಾಗಿರಬೇಕೆಂದು ಹರಕೆ ಹೊರಬೇಕಾಗುತ್ತದೆ. ವಾರಕ್ಕೊಂದೆರಡು ದಿನ ಮಾತ್ರ ಕಚೇರಿಗೆ ಹೋಗುವುದಾದರೆ ಎರ್ಡಿಂಗ್ ಸರಿ, ಊರು ಚೆನ್ನಾಗಿದೆ. ದಿನವೂ ಹೋಗುವುದಾದರೆ ಬೇಡ. ಇನ್ನಷ್ಟು ಬಾಡಿಗೆ ತೆತ್ತು, ಬೇಕಾದರೆ ಕೋಣೆ ಚಿಕ್ಕದಾದರೂ ಸರಿ, ಊ6 ಮಾರ್ಗದ ಮೇಲೆಯೇ ಮನೆ ನೋಡಿ. ಫ್ರೈಮಾನ್, ಕೀಫರ್ನ್‌ಗಾರ್ಟನ್, ಗಾರ್ಶಿಂಗ್ ಊರೊಳಗೆ, ಎಲ್ಲಾದರೂ ಆಗಬಹುದು. 2006ರಿಂದ ಊ6 ಗಾರ್ಶಿಂಗ್‌ನ ಸಂಶೋಧನಾ ಕೇಂದ್ರದವರೆಗೂ ಹೋಗುತ್ತದೆ. ಈ ಮಾರ್ಗಕ್ಕೆ ಇರುವುದೊಂದೇ ಕಾಟ: ಫ್ರಾಟ್‌ಮಾನಿಂಗ್ ನಿಲ್ದಾಣದ ಬಳಿ ಬಾಯರ್ನ್ ತಂಡದ ಫುಟ್‌ಬಾಲ್ ಕ್ರೀಡಾಂಗಣವಿದೆ. ಪಂದ್ಯವಿದ್ದ ಸಂಜೆ ಕೆಂಪು ಅಂಗಿ, ಕೊರಳಪಟ್ಟಿ ತೊಟ್ಟವರು ಬಿಯರ್ ಬಾಟಲಿ ಹಿಡಿದು ಹಾಡುತ್ತ ಡಬ್ಬಿ ತುಂಬುತ್ತಾರೆ. ಜಾತ್ರೆ ಬಸ್ಸು ಹತ್ತಿ ಅಭ್ಯಾಸವಿರುವ ನಿಮಗೆ ಅದು ದೊಡ್ಡದಲ್ಲ. ಆದರೂ ಪಂದ್ಯದ ದಿನಗಳನ್ನು ತಿಳಿದುಕೊಂಡಿರಿ.

ಸ್ನೇಹಿತರು ಫ್ರೈಸಿಂಗ್ ಕಡೆ ನೋಡು ಎಂದೂ ಹೇಳಬಹುದು. ಅಲ್ಲಿಗೆ ಹೋಗುವ ಎಸ್1 ರೈಲಿನ ಒಂದು ಗುಟ್ಟು ಗೊತ್ತಿರಲಿ. ಆ ರೈಲು ನಾಯ್‌ಫಾರ್ನ್ ಎಂಬಲ್ಲಿ ಎರಡು ತುಂಡಾಗುತ್ತದೆ. ಮುಂದಿನ ಭಾಗ ಫ್ರೈಸಿಂಗ್‌ಗೆ, ಹಿಂದಿನ ಭಾಗ ವಿಮಾನ ನಿಲ್ದಾಣಕ್ಕೆ. ನಮ್ಮಲ್ಲಿ ಲೋಂಡಾ ಜಂಕ್ಷನ್‌ನಲ್ಲಿ ಬೋಗಿ ಕಳಚಿ ಇನ್ನೊಂದು ರೈಲಿಗೆ ಜೋಡಿಸುತ್ತಿದ್ದರಲ್ಲ, ಹಾಗೆಯೇ. ಆದರೆ ಇಲ್ಲಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತದೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಮುಂದಿನ ಡಬ್ಬಿಯಲ್ಲಿ ಕುಳಿತವರಿಗೆ ಘೋಷಣೆ ಕೇಳಿಸುವುದಿಲ್ಲ. ನಾಯ್‌ಫಾರ್ನ್‌ನಲ್ಲಿ ಬಾಗಿಲು ತೆರೆದಾಗ ಯಾರೋ ಒಬ್ಬರು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಮೇಲೆ ಹಿಂದಕ್ಕೆ ಓಡುವುದನ್ನು ನೀವು ಖಂಡಿತ ನೋಡುತ್ತೀರಿ. ಹತ್ತುವಾಗಲೇ ಡಬ್ಬಿಯ ಫಲಕದಲ್ಲಿ ಊರಿನ ಹೆಸರು ಓದಿ ಕುಳಿತರೆ ಈ ಪಾಡಿಲ್ಲ.

ಇಷ್ಟೆಲ್ಲ ದೂರಿದ ಮೇಲೂ ನಾನು ಕಾರಿಲ್ಲದೆ ಇಲ್ಲಿ ಸುಖವಾಗಿದ್ದೇನೆ ಎಂದರೆ ಕಾರಣವಿದೆ. ಇಲ್ಲಿಯ ದೊಡ್ಡಸ್ತಿಕೆ ಗಡಿಯಾರದಲ್ಲಿಲ್ಲ, ಜಾಲದಲ್ಲಿದೆ. ಬೆಂಗಳೂರಿನಲ್ಲಿ ಮೆಟ್ರೊ ಚೆನ್ನಾಗಿಯೇ ಓಡುತ್ತದೆ, ಇಳಿದ ಮೇಲೆ ಮನೆ ಮುಟ್ಟಲು ಆಟೊದವರ ಜೊತೆ ಚೌಕಾಸಿ. ಇಲ್ಲಿ ನೀವು ರೈಲಿಳಿದರೆ ಹೊರಗೆ ಬಸ್ಸಿರುತ್ತದೆ, ಬಹುತೇಕ ಆ ರೈಲಿಗೆ ಹೊಂದಿಸಿದ ಬಸ್ಸು. ಒಂದೇ ಟಿಕೆಟ್‌ನಲ್ಲಿ ಬಸ್ಸು, ಟ್ರಾಮ್, ಊ-ಬಾನ್, ಎಸ್-ಬಾನ್ ಎಲ್ಲವೂ. ಮ್ಯೂನಿಕ್‌ನಲ್ಲಿ ಈ ಏರ್ಪಾಟು 1972ರಿಂದಲೇ ಇದೆ. ಮಗುವಿನ ತಳ್ಳುಗಾಡಿಯೊಂದಿಗೆ ನಿಂತಿದ್ದರೆ ಬಸ್ಸು ಬುಸ್ಸೆಂದು ಗಾಳಿ ಬಿಟ್ಟು ನಿಮ್ಮ ಕಡೆಗೆ ಬಾಗುತ್ತದೆ. ಮಂಡಿ ನೋವಿನ ನನ್ನ ಅತ್ತೆ ಊರಿನಿಂದ ಬಂದಾಗ ಮೊದಲು ಮೆಚ್ಚಿದ್ದು ಅರಮನೆಯನ್ನಲ್ಲ, ಈ ಬಾಗುವ ಬಸ್ಸನ್ನು. ಭಾಷೆ ಬಾರದಿದ್ದರೂ ಒಬ್ಬರೇ ತರಕಾರಿ ಸಂತೆಗೆ ಹೋಗಿ ಬರುತ್ತಿದ್ದರು.

ಟಿಕೆಟ್ ಬಗ್ಗೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ತಿಂಗಳ ಪಾಸು ಇದೆ, 2023ರ ಮೇ 1ರಂದು ಶುರುವಾಯಿತು. ಆಗ 49 ಯೂರೋ, 2025ರಲ್ಲಿ 58, 2026ರ ಜನವರಿಯಿಂದ 63. ಇದೊಂದಿದ್ದರೆ ಇಡೀ ದೇಶದ ನಗರ ಸಾರಿಗೆ ಮತ್ತು ಪ್ರಾದೇಶಿಕ ರೈಲುಗಳೆಲ್ಲ ನಿಮ್ಮವು. ದೂರಪ್ರಯಾಣದ ಐಸಿಇ, ಐಸಿ ರೈಲುಗಳಿಗೆ ನಡೆಯುವುದಿಲ್ಲ. ಇದು ತಾನಾಗಿಯೇ ಮುಂದುವರಿಯುವ ಚಂದಾ. ಬೇಡವಾದರೆ ಆಯಾ ತಿಂಗಳ 10ರೊಳಗೆ ರದ್ದು ಮಾಡಬೇಕು, ಮರೆತರೆ ಇನ್ನೊಂದು ತಿಂಗಳ ಹಣ ಹೋಯಿತು. ಕೊಳ್ಳುವ ಮುಂಚೆ ನಿಮ್ಮ ಕಂಪನಿಯ ಸಿಬ್ಬಂದಿ ವಿಭಾಗವನ್ನು ಕೇಳಿ. ಎಷ್ಟೋ ಕಂಪನಿಗಳು ಒಂದಷ್ಟು ಪಾಲು ತಾವೇ ಭರಿಸುತ್ತವೆ. ನಿಲ್ದಾಣಗಳಲ್ಲಿ ನಮ್ಮ ಮೆಟ್ರೊದಂತೆ ಗೇಟು ಇರುವುದಿಲ್ಲ, ಯಾರೂ ತಡೆಯುವುದಿಲ್ಲ. ಹಾಗೆಂದು ಸುಮ್ಮನೆ ಹತ್ತಬೇಡಿ. ಮಾಮೂಲಿ ಉಡುಪಿನಲ್ಲಿ ಎದುರಿಗೆ ಕುಳಿತವರೇ ಎದ್ದು ಗುರುತುಪತ್ರ ತೋರಿಸಿ ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ ದಂಡ 60 ಯೂರೋ. ಕಾಗದದ ಟಿಕೆಟ್ ಆದರೆ ಪ್ಲಾಟ್‌ಫಾರ್ಮ್‌ಗೆ ಇಳಿಯುವ ಮುಂಚೆ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಹಾಕಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದ ಹಾಗೆಯೇ. ಹೊಸಬಳು, ಗೊತ್ತಿರಲಿಲ್ಲ ಎಂಬ ಮಾತು ಇಲ್ಲಿ ಚಲಾವಣೆಯಾಗುವುದಿಲ್ಲ.

ಬರ್ಲಿನ್‌ಗೋ ಫ್ರಾಂಕ್‌ಫರ್ಟ್‌ಗೋ ಹೋಗುವ ದಿನ ಮಾತ್ರ ಬೇರೆ ಲೆಕ್ಕ. ದಿನದ ಕೊನೆಯ ರೈಲನ್ನು ನಂಬಬೇಡಿ. ಮಧ್ಯೆ ರೈಲು ಬದಲಿಸಲು ಏಳೆಂಟು ನಿಮಿಷ ಸಾಕೆಂದು ಆ್ಯಪ್ ಹೇಳಿದರೆ ಅರ್ಧ ಗಂಟೆ ಇರುವ ಹಾಗೆ ಬುಕ್ ಮಾಡಿ. ಊರಿಗೆ ಹೊರಡುವ ವಿಮಾನಕ್ಕೆ ಫ್ರಾಂಕ್‌ಫರ್ಟ್‌ಗೆ ಹೋಗುವುದಾದರೆ ಬೇಕಾದ ರೈಲಿಗಿಂತ ಎರಡು ರೈಲು ಮುಂಚೆ ಹೊರಡಿ. ಅಗ್ಗದ ಟಿಕೆಟ್ ಕೊಂಡರೆ ಆ ರೈಲಿಗೇ ಕಟ್ಟಿಬಿದ್ದಿರುತ್ತೀರಿ. ಆದರೆ ತಲುಪುವುದು 20 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ತಡವಾಗುವಂತಿದ್ದರೆ ಆ ಕಟ್ಟು ಬಿಚ್ಚುತ್ತದೆ, ಬೇರೆ ರೈಲು ಹಿಡಿಯಬಹುದು. ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ವಾಪಸು. ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಇನ್ನೊಂದು ತಮಾಷೆ: ಪ್ಲಾಟ್‌ಫಾರ್ಮನ್ನು ಎ, ಬಿ, ಸಿ ಎಂದು ಭಾಗ ಮಾಡಿ, ನಿಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಎಂದು ಫಲಕದಲ್ಲಿ ತೋರಿಸುತ್ತಾರೆ. ಎಲ್ಲರೂ ಶಿಸ್ತಾಗಿ ತಮ್ಮ ಅಕ್ಷರದ ಕೆಳಗೆ ನಿಲ್ಲುತ್ತಾರೆ. ಕೊನೆಯ ಗಳಿಗೆಯಲ್ಲಿ, ಇಂದು ಡಬ್ಬಿಗಳ ಕ್ರಮ ತಿರುವುಮುರುವಾಗಿದೆ ಎಂದು ಧ್ವನಿವರ್ಧಕ ಉಲಿಯುತ್ತದೆ. ಆಗ ನೋಡಬೇಕು, ಎ ಕಡೆಯವರು ಎಫ್‌ಗೆ, ಎಫ್ ಕಡೆಯವರು ಎಗೆ, ನಡುವೆ ಡಿಕ್ಕಿ. ಜರ್ಮನರು ಜೋರಾಗಿ ಗೊಣಗುವುದನ್ನು ಕೇಳಬೇಕೆಂದರೆ ಅದೇ ಸಮಯ.

ಹಿಮ ಮತ್ತು ಮುಷ್ಕರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಡಿಸೆಂಬರ್ ಮೊದಲ ವಾರದಲ್ಲಿ ಹಿಮ ಬಿದ್ದಾಗ ಮ್ಯೂನಿಕ್‌ನ ವಿಮಾನ ನಿಲ್ದಾಣ, ರೈಲು ಎರಡೂ ಸ್ತಬ್ಧವಾದವು. ಮುಷ್ಕರವಾದರೆ ಸಾಮಾನ್ಯವಾಗಿ ಮೊದಲೇ ಹೇಳಿ ಮಾಡುತ್ತಾರೆ, ಸುದ್ದಿ ನೋಡುತ್ತಿದ್ದರೆ ಸಾಕು.

ಕಾರು ಮೊದಲ ವರ್ಷ ಬೇಡವೇ ಬೇಡ. ನಮ್ಮ ದೇಶದ ಪರವಾನಗಿ ಇಲ್ಲಿ ನೆಲೆಸಿದ ಆರು ತಿಂಗಳವರೆಗೆ ಮಾತ್ರ ನಡೆಯುತ್ತದೆ. ಆಮೇಲೆ ಬರವಣಿಗೆಯ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಬರೆದು, ಓಡಿಸಿ ತೇರ್ಗಡೆಯಾಗಬೇಕು. ಊರಿನಲ್ಲಿ ಹತ್ತು ವರ್ಷ ಕಾರು ಓಡಿಸಿದವರೂ ಇಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡುವ ನಿಯಮದಲ್ಲಿ ಎಡವುತ್ತಾರೆ. ಇನ್ನು ವೇಗಮಿತಿಯಿಲ್ಲದ ಔಟೋಬಾನ್ ಕನಸು ಕಾಣುತ್ತಿದ್ದರೆ, ಆ ರಸ್ತೆಯ ಸೇತುವೆಗಳಿಗೂ ವಯಸ್ಸಾಗಿದೆ ಎಂಬುದೂ ತಿಳಿದಿರಲಿ. ಲ್ಯೂಡನ್‌ಷೈಡ್ ಊರಿನ ಬಳಿ ಎ45 ಹೆದ್ದಾರಿಯ ಸೇತುವೆಯನ್ನು 2021ರ ಡಿಸೆಂಬರ್‌ನಲ್ಲಿ ದಿಢೀರನೆ ಮುಚ್ಚಿದರು. 2023ರ ಮೇಯಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಅಷ್ಟೂ ಕಾಲ ಹೆದ್ದಾರಿಯ ಲಾರಿಗಳೆಲ್ಲ ಆ ಪುಟ್ಟ ಊರಿನ ಬೀದಿಗಳಲ್ಲೇ. ಡ್ರೆಸ್ಡನ್‌ನಲ್ಲಿ 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಕರೋಲಾ ಸೇತುವೆಯ ಒಂದು ಭಾಗ ಎಲ್ಬೆ ನದಿಗೆ ಕುಸಿಯಿತು. ಕೆಲವೇ ನಿಮಿಷ ಮುಂಚೆ ಅದರ ಮೇಲೆ ಟ್ರಾಮ್ ಹೋಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ತಂತಿಗಳು ದಶಕಗಳಿಂದ ಒಳಗೊಳಗೇ ಬಿರುಕು ಬಿಟ್ಟಿದ್ದವು. ಕಾರಿಗೆಂದು ಇಟ್ಟ ಹಣದಲ್ಲಿ ಒಳ್ಳೆಯದೊಂದು ಸೈಕಲ್ ಕೊಳ್ಳಿ. ಮುಂದೆ ಹಿಂದೆ ದೀಪ ಕಡ್ಡಾಯ.

ಕೊನೆಗೆ, ಇಳಿಯುವ ದಿನದ ಮಾತು. ವಿಮಾನ ನಿಲ್ದಾಣದಿಂದ ಎಸ್8 ಹಿಡಿದು ಮಾರಿಯೆನ್‌ಪ್ಲಾಟ್ಸ್‌ನಲ್ಲಿ ಊ6ಗೆ ಬದಲಿಸುವುದು ನೇರ ದಾರಿ. ಆದರೆ ಎರಡು ದೊಡ್ಡ ಸೂಟ್‌ಕೇಸ್, ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ಉಪ್ಪಿನಕಾಯಿಯ ಡಬ್ಬಗಳ ಜೊತೆ ಆ ನಿಲ್ದಾಣದ ಜನಸಂದಣಿಯಲ್ಲಿ ಎಸ್ಕಲೇಟರ್ ಹತ್ತಿಳಿಯುವುದು ಸಾಹಸವೇ. ಸಂಜೆ ಐದರಿಂದ ಏಳರ ನಡುವೆ ಬಂದಿಳಿದರೆ ನಿಲ್ದಾಣದಲ್ಲೇ ಒಂದು ಕಾಫಿ ಕುಡಿದು ನಿಧಾನವಾಗಿ ಹೊರಡಿ. ಅಂದು ಡಾಯ್ಚ್‌ಲಾಂಡ್ ಟಿಕೆಟ್ ಕೈಯಲ್ಲಿರುವುದಿಲ್ಲವಾದ್ದರಿಂದ ಯಂತ್ರದಲ್ಲಿ ಬಿಡಿ ಟಿಕೆಟ್ ಕೊಂಡು ಮುದ್ರೆ ಹಾಕಿಸಿಕೊಳ್ಳಿ. ವಿಮಾನದ ದಿನಾಂಕ, ಇಳಿಯುವ ಹೊತ್ತು ಎರಡನ್ನೂ ಬರೆದು ತಿಳಿಸಿ. ಅಂದು ಮೂಲ ಮಾರ್ಗ ಮುಚ್ಚಿರುತ್ತದೆಯೇ ಎಂದು ನೋಡಿ ಹೇಳುತ್ತೇನೆ.