ಸ್ಟೆಂಟ್ ಒಳಗೆ ಪುನಃ ಬ್ಲಾಕ್: ಔಷಧಿ ಬೆಲೂನಿನ ಅಧ್ಯಯನಕ್ಕೆ ಅಪ್ಪನನ್ನು ಸೇರಿಸಬಹುದಾ?

ಹೃದಯದ ನಾಳಕ್ಕೆ ಹಾಕಿದ ಸ್ಟೆಂಟಿನ (ನಾಳ ತೆರೆದಿಡುವ ಲೋಹದ ಜಾಲರಿ) ಒಳಗೇ ಅಪ್ಪನಿಗೆ ಪುನಃ ಬ್ಲಾಕ್ ಆಗಿದೆ, ಔಷಧಿ ಲೇಪಿಸಿದ ಬೆಲೂನಿನ ಅಧ್ಯಯನಕ್ಕೆ ಸೇರುತ್ತೀರಾ ಅಂತ ಡಾಕ್ಟರು ಕೇಳಿದ್ದಾರೆ, "ಅಪ್ಪನ ಮೇಲೆ ಪ್ರಯೋಗ ಮಾಡ್ತಾರಾ" ಅಂತ ಮನೆಯಲ್ಲಿ ಹೆದರಿಕೆ ಎಂದು ಬರೆದಿದ್ದೀರಿ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಹಿಡಿದು ರೋಗಿಯ ಮನೆಯವರ ಜೊತೆ ಕೂರುವ ರಿಸರ್ಚ್ ಕೋ-ಆರ್ಡಿನೇಟರ್ ನಾನು. ಡಾಕ್ಟರಲ್ಲ. ಗೊತ್ತಿರುವಷ್ಟು ಹೇಳುತ್ತೇನೆ.

ಕಾಪು ಕಡೆಯ ಒಬ್ಬರು ಅಮ್ಮ ನನ್ನನ್ನು ಮೊದಲು ಕೇಳಿದ್ದೇ, "ಬೆಲೂನು ಒಳಗೇ ಬಿಡ್ತೀರಾ?" ಅಂತ. ಬಿಡುವುದಿಲ್ಲ. ಮಡಚಿದ ಸಣ್ಣ ಬೆಲೂನಿನ ಹೊರಮೈಗೆ ಪ್ಯಾಕ್ಲಿಟ್ಯಾಕ್ಸೆಲ್ ಅಥವಾ ಸಿರೋಲಿಮಸ್ ಔಷಧಿ ಹಚ್ಚಿರುತ್ತಾರೆ. ಕೈಯ ಅಥವಾ ತೊಡೆಸಂದಿನ ನಾಳದ ಮೂಲಕ ಬ್ಲಾಕ್ ಇರುವಲ್ಲಿಗೆ ಒಯ್ದು, ಡೈ ಬೆರೆಸಿದ ಸಲೈನ್ ತುಂಬಿ, ಅರ್ಧದಿಂದ ಒಂದು ನಿಮಿಷ ಉಬ್ಬಿಸಿ ಹಿಡಿಯುತ್ತಾರೆ. ಆ ಹೊತ್ತಿನಲ್ಲಿ ರಕ್ತ ಹೋಗುವುದಿಲ್ಲ, ಎದೆ ಬಿಗಿಹಿಡಿದ ಹಾಗೆ ಆಗಬಹುದು. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ, ಗಾಬರಿ ಬೀಳುವುದು ಬೇಡ. ಬೆಲೂನು ಹೊರಗೆ ಬರುತ್ತದೆ, ಔಷಧಿ ನಾಳದ ಗೋಡೆಯಲ್ಲಿ ಉಳಿದು ಅಲ್ಲಿ ಪುನಃ ಮಾಂಸ ಬೆಳೆಯುವುದನ್ನು ತಡೆಯುತ್ತದೆ. ಒಂದು ಪದರ ಲೋಹ ಇರುವಲ್ಲಿ ಇನ್ನೊಂದು ಪದರ ಕೂರಿಸಬೇಕಾಗಿಲ್ಲ.

ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. 2006ರಲ್ಲೇ ಜರ್ಮನಿಯಲ್ಲಿ, ನಿಮ್ಮ ಅಪ್ಪನ ಹಾಗೆ ಸ್ಟೆಂಟೊಳಗೆ ಬ್ಲಾಕ್ ಆದ 52 ಜನರ ಮೇಲಿನ ಅಧ್ಯಯನ ಪ್ರಕಟವಾಯಿತು. ಆರು ತಿಂಗಳಿಗೆ ಆಂಜಿಯೋ ಮಾಡಿ ನೋಡಿದರೆ ಬರೀ ಬೆಲೂನಿನವರಲ್ಲಿ 43%, ಔಷಧಿ ಬೆಲೂನಿನವರಲ್ಲಿ 5% ಮಂದಿಗೆ ನಾಳ ಪುನಃ ಕಿರಿದಾಗಿತ್ತು. ಅಮೆರಿಕದ 600 ಜನರ 'ಏಜೆಂಟ್' ಅಧ್ಯಯನದಲ್ಲಿ ಅಂತರ ಇಷ್ಟು ದೊಡ್ಡದಲ್ಲ: ವರ್ಷದೊಳಗೆ ಅದೇ ಜಾಗದಿಂದ ತೊಂದರೆಯಾದವರು ಬರೀ ಬೆಲೂನಿನವರಲ್ಲಿ 28.6%, ಔಷಧಿ ಬೆಲೂನಿನವರಲ್ಲಿ 17.9%. ಆದರೂ ಸ್ಪಷ್ಟ. 2024ರಲ್ಲಿ ಆ ಬೆಲೂನಿಗೆ ಅಲ್ಲಿ ಅನುಮತಿಯೂ ಸಿಕ್ಕಿತು.

ಹೊಸ ಬ್ಲಾಕಿನ ಕಥೆ ಬೇರೆ. ಚೀನಾದಲ್ಲಿ ಹಿಂದೆ ಸ್ಟೆಂಟ್ ಹಾಕದ ಜಾಗದಲ್ಲಿ ಬ್ಲಾಕ್ ಇದ್ದ 2272 ಜನರನ್ನು ನೋಡಿದಾಗ, ಎರಡು ವರ್ಷಕ್ಕೆ ಔಷಧಿ ಬೆಲೂನಿನವರಲ್ಲಿ 6.4%, ಸ್ಟೆಂಟಿನವರಲ್ಲಿ 3.4% ಮಂದಿಗೆ ತೊಂದರೆಯಾಯಿತು. ಅಲ್ಲಿ ಗೆದ್ದದ್ದು ಸ್ಟೆಂಟು. ಹಾಗಾಗಿ ಪಕ್ಕದ ಮನೆಯವರಿಗೆ ಏನು ಮಾಡಿದರು ಅಂತ ಹೋಲಿಸಿ ಪ್ರಯೋಜನ ಇಲ್ಲ. ಗೂಗಲ್ ಮಾಡಿದರೆ ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಸಾವು ಹೆಚ್ಚು ಎಂಬ 2018ರ ಸುದ್ದಿಯೂ ಸಿಗುತ್ತದೆ. ಅದು ಕಾಲಿನ ನಾಳದ್ದು, ಹೆಚ್ಚಿನ ಮಾಹಿತಿ ನೋಡಿದ ಮೇಲೆ 2023ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆ ಎಚ್ಚರಿಕೆಯನ್ನು ಹಿಂದೆಗೆದುಕೊಂಡಿತು.

ನೀವು ಮೊದಲು ಕೇಳಬೇಕಾದ್ದು: ಇಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸುತ್ತಿದ್ದಾರೆ? ಚೀಟಿ ಎತ್ತಿದ ಹಾಗೆ ಗುಂಪು ಮಾಡುತ್ತಾರೆ, ಆಯ್ಕೆ ಡಾಕ್ಟರ ಕೈಯಲ್ಲಿಲ್ಲ. ಅಪ್ಪ ಇನ್ನೊಂದು ಗುಂಪಿಗೆ ಬಿದ್ದರೆ ಸಿಗುವ ಚಿಕಿತ್ಸೆಯೂ ನಿಮಗೆ ಒಪ್ಪಿಗೆಯಾ ನೋಡಿ. ಸಿಟಿಆರ್‌ಐ (ದೇಶದಲ್ಲಿ ನಡೆಯುವ ಇಂಥ ಅಧ್ಯಯನಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ತೊಂದರೆಯಾದರೆ ಖರ್ಚು ಯಾರದ್ದು ಅಂತ ಪತ್ರದಲ್ಲೇ ಬರೆದಿರಬೇಕು. ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನು ಮನೆಗೆ ತನ್ನಿ.

ಕಾಪುವಿನ ಅಮ್ಮ ಹಾಗೇ ಮಾಡಿದರು. ಮೂರು ದಿನ ಬಿಟ್ಟು, ಅಳಿಯ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಳೆ ತಂದು, ಒಂದೊಂದೇ ಗೆರೆ ತೋರಿಸಿ ಕೇಳಿ, ಕೊನೆಗೆ ಬೇಡ ಅಂದರು. ಮರುವಾರ ಅದೇ ಡಾಕ್ಟರು ಅಧ್ಯಯನದ ಹೊರಗೇ ಅವರಿಗೆ ಚಿಕಿತ್ಸೆ ಮಾಡಿದರು.